ದೂರು ಬರೆದುಕೊಳ್ಳದ ಠಾಣೆ, ದೂರೇ ಬೇಡವೆನ್ನುವ ಮುಖಂಡ

ನಮ್ಮ ಪೊಲೀಸ್ ಠಾಣೆಗಳಲ್ಲಿ ದೂರು ಕೊಡಲು ಹೋದವರಿಗೆ 'ಆಗುವುದಿಲ್ಲ' ಎಂದು ಯಾರೂ ನೇರವಾಗಿ ಹೇಳುವುದಿಲ್ಲ. 'ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ, ನಾಳೆ ಬನ್ನಿ' ಎನ್ನುತ್ತಾರೆ. 'ಇದು ನಮ್ಮ ಲಿಮಿಟ್ಸಿಗೆ ಬರುವುದಿಲ್ಲ' ಎನ್ನುತ್ತಾರೆ. 'ಇದು ಸಿವಿಲ್ ಮ್ಯಾಟರು, ಕೋರ್ಟಿಗೆ ಹೋಗಿ' ಎನ್ನುತ್ತಾರೆ. ಇದಕ್ಕೂ ಬಗ್ಗದಿದ್ದರೆ ಕೊನೆಯ ಅಸ್ತ್ರ ಹೊರಬರುತ್ತದೆ: 'ನೀವು ಕೇಸು ಕೊಟ್ಟರೆ ಅವರೂ ನಿಮ್ಮ ಮೇಲೆ ಕೌಂಟರ್ ಕೇಸು ಕೊಡುತ್ತಾರೆ. ನಿಮ್ಮ ಹುಡುಗರ ಭವಿಷ್ಯ ಯೋಚಿಸಿ.' ಹೀಗೆ ಮೂರು ದಿನ ಅಲೆದ ಮನುಷ್ಯ ನಾಲ್ಕನೆಯ ದಿನ ಹೋಗುವುದನ್ನೇ ಬಿಡುತ್ತಾನೆ. ಆತ ಬಂದಿದ್ದ ಎಂಬುದಕ್ಕೂ ಠಾಣೆಯಲ್ಲಿ ಗುರುತಿಲ್ಲ, ಅವನನ್ನು ವಾಪಸು ಕಳಿಸಿದರು ಎಂಬುದಕ್ಕೂ ಗುರುತಿಲ್ಲ. ಸರಕಾರದ ಲೆಕ್ಕದಲ್ಲಿ ಅಂಥದೊಂದು ಅಪರಾಧವೇ ನಡೆದಿಲ್ಲ.

ನಮ್ಮ ಠಾಣೆ, ಕಚೇರಿಗಳ ಕನ್ನಡದಲ್ಲಿ ಪಾರ್ಸಿಯ ಪದಗಳು ತುಂಬಿವೆ. 'ಫಿರ್ಯಾದು' ಅವುಗಳಲ್ಲೊಂದು. ಮೂಲದಲ್ಲಿ ಆ ಪದಕ್ಕೆ ನೆರವಿಗಾಗಿ ಇಡುವ ಮೊರೆ ಎಂಬ ಅರ್ಥವಿದೆ. ಆ ಮೊರೆಯನ್ನು ಬರೆದುಕೊಳ್ಳುವುದು ಠಾಣಾಧಿಕಾರಿಯ ಮರ್ಜಿಗೆ ಬಿಟ್ಟ ವಿಚಾರ ಎಂದು ನಮ್ಮ ಜನ ತಿಳಿದಿದ್ದಾರೆ. ಪೊಲೀಸರೂ ಹಾಗೆಯೇ ನಡೆದುಕೊಳ್ಳುತ್ತಾರೆ. ಆದರೆ ಕಾನೂನು ಹೇಳುವುದೇ ಬೇರೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಹಳೆಯ 154ನೇ ಕಲಂ ಅಲ್ಲಿ 173ನೇ ಕಲಮಾಗಿದೆ. ವಾರಂಟಿಲ್ಲದೆ ಬಂಧಿಸಬಹುದಾದ, ಅಂದರೆ ಸಂಜ್ಞೇಯ ಅಪರಾಧದ ಮಾಹಿತಿಯನ್ನು ಬಾಯಲ್ಲಿ ಹೇಳಿದರೂ ಬರೆದುಕೊಳ್ಳಬೇಕು, ಬರೆದದ್ದನ್ನು ಓದಿ ಹೇಳಬೇಕು, ಸಹಿ ಪಡೆಯಬೇಕು, ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ಅಪರಾಧ ಯಾವ ಠಾಣೆಯ ಸರಹದ್ದಿನಲ್ಲಿ ನಡೆಯಿತು ಎಂಬುದು ಮುಖ್ಯವಲ್ಲ. ಎಲ್ಲಿ ದೂರು ಕೊಟ್ಟರೂ ಬರೆದುಕೊಂಡು, ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸುವುದು ಅವರ ಕೆಲಸ. ಇದನ್ನೇ ಝೀರೋ ಎಫ್‌ಐಆರ್ ಎನ್ನುವುದು. ಮಿಂಚಂಚೆಯಂಥ ವಿದ್ಯುನ್ಮಾನ ಮಾರ್ಗದಲ್ಲೂ ದೂರು ಕೊಡಬಹುದು, ಮೂರು ದಿನದೊಳಗೆ ಸಹಿ ಹಾಕಿದರಾಯಿತು. 'ಲಿಮಿಟ್ಸ್' ಎಂಬ ನೆಪಕ್ಕೆ ಕಾನೂನಿನಲ್ಲಿ ಈಗ ಜಾಗವೇ ಇಲ್ಲ.

ಈ ಮಾತಿಗೆ ಸುಪ್ರೀಂ ಕೋರ್ಟಿನ ಮುದ್ರೆ ಬಿದ್ದು ದಶಕ ದಾಟಿದೆ. ಲಲಿತಾ ಕುಮಾರಿ ಪ್ರಕರಣದಲ್ಲಿ 2013ರ ನವೆಂಬರ್ 12ರಂದು ಐವರು ನ್ಯಾಯಾಧೀಶರ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಉತ್ತರ ಪ್ರದೇಶದಲ್ಲಿ ಅಪ್ರಾಪ್ತ ಮಗಳ ಅಪಹರಣವಾಗಿದೆ ಎಂದು ದೂರು ಕೊಟ್ಟ ತಂದೆಯೊಬ್ಬರು ಕ್ರಮಕ್ಕಾಗಿ ಅಲೆದಾಡಿದ ಕಥೆ ಅದು. ಸಂಜ್ಞೇಯ ಅಪರಾಧ ನಡೆದಿದೆ ಎಂದು ಮಾಹಿತಿಯಿಂದ ಕಂಡರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ, ಮಾಹಿತಿ ನಿಜವೋ ಸುಳ್ಳೋ ಎಂಬುದು ಆ ಹಂತದ ಪ್ರಶ್ನೆಯಲ್ಲ, ದಾಖಲಿಸದ ಅಧಿಕಾರಿಯ ಮೇಲೆ ಕ್ರಮ ಆಗಬೇಕು ಎಂದು ಪೀಠ ಹೇಳಿತು. ಕೌಟುಂಬಿಕ ಕಲಹ, ವಾಣಿಜ್ಯ ವ್ಯವಹಾರ, ವೈದ್ಯಕೀಯ ನಿರ್ಲಕ್ಷ್ಯ, ಭ್ರಷ್ಟಾಚಾರ, ತೀರಾ ತಡವಾಗಿ ಬಂದ ದೂರು ಇಂಥವುಗಳಲ್ಲಿ ಮಾತ್ರ ಕಾಲಮಿತಿಯ ಪ್ರಾಥಮಿಕ ವಿಚಾರಣೆಗೆ ಅವಕಾಶ ಕೊಟ್ಟಿತು. ಅಂಥ ವಿಚಾರಣೆಯ ನಂತರ ದೂರನ್ನು ಮುಕ್ತಾಯಗೊಳಿಸಿದರೆ ಕಾರಣ ಸಹಿತ ಪ್ರತಿಯನ್ನು ಒಂದು ವಾರದೊಳಗೆ ದೂರುದಾರನಿಗೆ ಕೊಡಬೇಕೆಂದೂ ಹೇಳಿತು. ಈ ತೀರ್ಪು ಬರುವ ಮೊದಲು ಠಾಣೆಗಳು ಹೇಗಿದ್ದವೋ ಈಗಲೂ ಬಹುಮಟ್ಟಿಗೆ ಹಾಗೆಯೇ ಇವೆ ಎಂಬುದು ಠಾಣೆಯ ಮೆಟ್ಟಿಲು ಹತ್ತಿದ ಬಡವರಿಗೆಲ್ಲ ಗೊತ್ತು.

ಪೊಲೀಸರು ಯಾಕೆ ಬರೆದುಕೊಳ್ಳುವುದಿಲ್ಲ? ಸಿಬ್ಬಂದಿ ಕಡಿಮೆ, ಕೆಲಸದ ಹೊರೆ ಹೆಚ್ಚು ಎನ್ನುವುದು ನಿಜ. ಪ್ರಕರಣಗಳ ಸಂಖ್ಯೆ ಏರಿದರೆ ಮೇಲಿನವರು ಪ್ರಶ್ನಿಸುತ್ತಾರೆ ಎನ್ನುವುದೂ ನಿಜ. ಆದರೆ ಹೊರೆಯ ವಾದ ಎಲ್ಲರಿಗೂ ಸಮನಾಗಿ ಅನ್ವಯಿಸುವುದಿಲ್ಲವಲ್ಲ! ಕಾರಿನಲ್ಲಿ ಬಂದವರ ದೂರಿಗೆ ಹೊರೆಯಾಗದ ಲೇಖನಿ ಕೂಲಿಯವನ ದೂರಿಗೆ ಯಾಕೆ ಭಾರವಾಗುತ್ತದೆ? 2019ರಲ್ಲಿ ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು ದೇಶದ ಪೊಲೀಸ್ ಸಿಬ್ಬಂದಿಯನ್ನೇ ಕೇಳಿ ಸಿದ್ಧಪಡಿಸಿದ ವರದಿಯಲ್ಲಿ, ಸುಮಾರು ಇಬ್ಬರಲ್ಲಿ ಒಬ್ಬರು ಮುಸ್ಲಿಮರು ಸ್ವಭಾವತಃ ಹಿಂಸೆಗೆ ಒಲಿಯುವವರು ಎಂಬ ಅಭಿಪ್ರಾಯ ಹೊಂದಿದ್ದು ಕಂಡುಬಂತು. ಸಾಚಾರ್ ಸಮಿತಿ 2006ರಲ್ಲೇ ಐಪಿಎಸ್‌ನಲ್ಲಿ ಮುಸ್ಲಿಮರ ಪಾಲು ಕೇವಲ ಶೇ. 4 ಎಂದು ದಾಖಲಿಸಿತ್ತು. ಮೇಜಿನ ಆಚೆ ಕೂತವನ ಮನಸ್ಸಿನಲ್ಲಿ ಇಂಥ ತೀರ್ಮಾನ ಮೊದಲೇ ಇದ್ದಾಗ ಈಚೆ ನಿಂತವನ ಗಡ್ಡ, ಟೋಪಿ, ಬುರ್ಖಾಗಳು ಅವನ ದೂರಿಗಿಂತ ಮೊದಲು ಓದಲ್ಪಡುತ್ತವೆ. ದಲಿತರ, ಆದಿವಾಸಿಗಳ, ಒಂಟಿ ಮಹಿಳೆಯರ ಅನುಭವವೂ ಇದಕ್ಕಿಂತ ಭಿನ್ನವಲ್ಲ. ಹಾಗಾಗಿ ಇದನ್ನು ಕೇವಲ ಮುಸ್ಲಿಮರ ಗೋಳು ಎಂದು ಓದುವುದು ತಪ್ಪಾಗುತ್ತದೆ.

'ಎಫ್‌ಐಆರ್ ಒಂದು ಕಾಗದ ಅಷ್ಟೆ, ನಿಜವಾದ ನ್ಯಾಯ ಕೋರ್ಟಿನಲ್ಲಿ ಸಿಗುತ್ತದೆ' ಎಂದು ಹೇಳುವವರಿದ್ದಾರೆ. ಅವರು ಬಿಲ್ಕಿಸ್ ಬಾನು ಪ್ರಕರಣವನ್ನು ನೆನಪಿಸಿಕೊಳ್ಳಬೇಕು. 2002ರ ಮಾರ್ಚ್‌ನಲ್ಲಿ ಅತ್ಯಾಚಾರಕ್ಕೊಳಗಾಗಿ, ತನ್ನವರನ್ನು ಕಳೆದುಕೊಂಡು ಗುಜರಾತಿನ ಲಿಮ್‌ಖೇಡಾ ಠಾಣೆಗೆ ಬಂದ ಆಕೆ ಆರೋಪಿಗಳ ಹೆಸರು ಹೇಳಿದ್ದರು. ಬರೆದುಕೊಂಡ ದೂರಿನಲ್ಲಿ ಅತ್ಯಾಚಾರವೂ ಇರಲಿಲ್ಲ, ಆ ಹೆಸರುಗಳೂ ಇರಲಿಲ್ಲ. ಮುಂದೆ ಪ್ರಕರಣವನ್ನೇ ಮುಚ್ಚಲಾಯಿತು. 2003ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತನಿಖೆಯನ್ನು ಸಿಬಿಐಗೆ ಒಪ್ಪಿಸಿ, 2004ರಲ್ಲಿ ವಿಚಾರಣೆಯನ್ನು ಮುಂಬಯಿಗೆ ವರ್ಗಾಯಿಸಿದ ನಂತರವೇ ಸತ್ಯ ಹೊರಬಂದದ್ದು. 2008ರ ಜನವರಿಯಲ್ಲಿ 11 ಮಂದಿಗೆ ಜೀವಾವಧಿ ಶಿಕ್ಷೆಯಾಯಿತು. ಸುಳ್ಳು ದಾಖಲೆ ಬರೆದ ಪೊಲೀಸನಿಗೂ ಶಿಕ್ಷೆಯಾಯಿತು. 2017ರಲ್ಲಿ ಬಾಂಬೆ ಹೈಕೋರ್ಟು ಇನ್ನೂ ಐವರು ಪೊಲೀಸರು ಮತ್ತು ಇಬ್ಬರು ವೈದ್ಯರನ್ನು ತಪ್ಪಿತಸ್ಥರೆಂದು ಘೋಷಿಸಿತು. ಮೊದಲ ಕಾಗದದಲ್ಲಿ ಒಬ್ಬ ಪೊಲೀಸ್ ಬಿಟ್ಟ ಸಾಲುಗಳನ್ನು ಮತ್ತೆ ಬರೆಸಲು ಒಬ್ಬ ಹೆಣ್ಣುಮಗಳು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತು. ಅದೇ ಗುಜರಾತಿನಲ್ಲಿ ಮುಚ್ಚಿಹಾಕಿದ ಸುಮಾರು 2,000 ಗಲಭೆ ಪ್ರಕರಣಗಳನ್ನು ಮರುಪರಿಶೀಲಿಸುವಂತೆ ಸುಪ್ರೀಂ ಕೋರ್ಟು 2004ರಲ್ಲಿ ಆದೇಶಿಸಬೇಕಾಯಿತು.

2018ರ ಜೂನ್‌ನಲ್ಲಿ ಉತ್ತರ ಪ್ರದೇಶದ ಹಾಪುಡ್‌ನಲ್ಲಿ ಗೋಹತ್ಯೆಯ ವದಂತಿಯ ಮೇಲೆ ಗುಂಪೊಂದು ಒಬ್ಬನನ್ನು ಕೊಂದಾಗ ಮೊದಲ ಎಫ್‌ಐಆರ್ ಅದನ್ನು ಬೈಕಿನ ವಿಚಾರಕ್ಕೆ ನಡೆದ ಜಗಳ ಎಂದಿತ್ತು. 2024ರ ಮಾರ್ಚ್‌ನಲ್ಲಿ ಅಲ್ಲಿನ ನ್ಯಾಯಾಲಯ ಹತ್ತು ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ನಮ್ಮ ರಾಜ್ಯಕ್ಕೇ ಬರೋಣ. 2025ರ ಏಪ್ರಿಲ್ 27ರಂದು ಮಂಗಳೂರಿನ ಕುಡುಪುವಿನಲ್ಲಿ ಕ್ರಿಕೆಟ್ ಪಂದ್ಯದ ಮೈದಾನದ ಬಳಿ ಕೇರಳ ಮೂಲದ ವ್ಯಕ್ತಿಯೊಬ್ಬನನ್ನು ಗುಂಪು ಹೊಡೆದು ಕೊಂದಿತು. ಠಾಣೆಯಲ್ಲಿ ಅದು ಮೊದಲು ಅಸಹಜ ಸಾವು, ಅಂದರೆ ಯುಡಿಆರ್ ಆಗಿ ದಾಖಲಾಯಿತು. ಮರಣೋತ್ತರ ಪರೀಕ್ಷೆಯ ನಂತರ ಕೊಲೆ ಪ್ರಕರಣವಾಯಿತು. ಕರ್ತವ್ಯ ಲೋಪಕ್ಕಾಗಿ ಇನ್‌ಸ್ಪೆಕ್ಟರ್ ಸೇರಿ ಮೂವರು ಪೊಲೀಸರು ಅಮಾನತಾದರು. ಸಾರ್ವಜನಿಕರ ಕಣ್ಣು ಬೀಳದೆ ಹೋಗಿದ್ದರೆ ಆ ಅಮಾನತು ಆಗುತ್ತಿತ್ತೇ? ಸರಕಾರ ಯಾವ ಪಕ್ಷದ್ದೇ ಇರಲಿ, ಠಾಣೆಯ ಅಭ್ಯಾಸ ತಾನಾಗಿ ಬದಲಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಸೋಜಿಗವೆಂದರೆ ಇದೇ ಪೊಲೀಸರಿಗೆ ಕೆಲವೊಮ್ಮೆ ಎಲ್ಲಿಲ್ಲದ ವೇಗ ಬರುತ್ತದೆ. ಸಂಸದ ಇಮ್ರಾನ್ ಪ್ರತಾಪ್‌ಗಢಿ ಒಂದು ಕವಿತೆಯಿದ್ದ ವಿಡಿಯೋ ಹಂಚಿಕೊಂಡರು ಎಂಬ ಕಾರಣಕ್ಕೆ 2025ರ ಜನವರಿಯಲ್ಲಿ ಗುಜರಾತಿನ ಜಾಮ್‌ನಗರದಲ್ಲಿ ಎಫ್‌ಐಆರ್ ದಾಖಲಾಯಿತು. ಅದನ್ನು ರದ್ದು ಮಾಡಲು ಗುಜರಾತ್ ಹೈಕೋರ್ಟು ಒಪ್ಪಲಿಲ್ಲ. ಮಾರ್ಚ್ 28ರಂದು ಸುಪ್ರೀಂ ಕೋರ್ಟು ರದ್ದು ಮಾಡಿತು. ಇಂಥ ಮಾತು, ಬರಹದ ಪ್ರಕರಣಗಳಲ್ಲಿ ಮೊದಲು ಪ್ರಾಥಮಿಕ ವಿಚಾರಣೆ ನಡೆಸುವುದು ಯೋಗ್ಯ ಎಂದೂ ಹೇಳಿತು. ಇನ್ನೊಂದು ಕಡೆ, ದ್ವೇಷ ಭಾಷಣ ಕಂಡರೆ ದೂರಿಗಾಗಿ ಕಾಯದೆ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿ ಎಂದು ಅದೇ ನ್ಯಾಯಾಲಯ 2022ರ ಅಕ್ಟೋಬರ್‌ನಲ್ಲಿ ಮೂರು ರಾಜ್ಯಗಳಿಗೂ, 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಆದೇಶಿಸಿತ್ತು. ಹಾಗಿದ್ದೂ ವೇದಿಕೆ ಹತ್ತಿ ಒಂದು ಸಮುದಾಯವನ್ನು ಬಹಿಷ್ಕರಿಸಿ ಎನ್ನುವವರ ಮುಂದೆ ಬಂದೋಬಸ್ತಿಗೆ ನಿಂತ ಪೊಲೀಸರಿಗೆ ಕಿವಿ ಕೇಳಿಸುವುದಿಲ್ಲ. ಕವಿತೆ ಮಾತ್ರ ದೂರದಿಂದಲೇ ಕೇಳಿಸುತ್ತದೆ!

ಹೊಸ ಸಂಹಿತೆ ಈ ಆಯ್ಕೆಯ ಕಿವಿಗೆ ಇನ್ನೊಂದು ಸೌಕರ್ಯ ಒದಗಿಸಿದೆ. 173ನೇ ಕಲಮಿನ 3ನೇ ಉಪಕಲಂ ಪ್ರಕಾರ, ಮೂರು ವರ್ಷ ಅಥವಾ ಹೆಚ್ಚು, ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಲಲಿತಾ ಕುಮಾರಿ ತೀರ್ಪಿನಲ್ಲಿ ವಿಚಾರಣೆಯ ಉದ್ದೇಶ ಸಂಜ್ಞೇಯ ಅಪರಾಧ ಕಾಣುತ್ತದೆಯೇ ಎಂದು ನೋಡುವುದಷ್ಟೇ ಆಗಿತ್ತು. ಇಲ್ಲಿ ಮೇಲ್ನೋಟಕ್ಕೆ ಪ್ರಕರಣ ಇದೆಯೇ ಎಂದು ತೂಗುವ ಅಧಿಕಾರ ಠಾಣೆಗೆ ಸಿಕ್ಕಿದೆ. ಮಾತಿನ ಪ್ರಕರಣಗಳಲ್ಲಿ ಇದು ಪ್ರಜೆಗೆ ರಕ್ಷಣೆಯಾಗಬಹುದು, ನಿಜ. ಆದರೆ ಆಯುಧದಿಂದ ಹಲ್ಲೆ ಮಾಡಿದ ಪ್ರಕರಣವೂ ಇದೇ ಮೂರು ವರ್ಷದ ವ್ಯಾಪ್ತಿಗೆ ಬರುತ್ತದೆ. ಹದಿನಾಲ್ಕು ದಿನದಲ್ಲಿ ಗಾಯ ಮಾಯುತ್ತದೆ, ಅಂಗಡಿಯ ಸಿಸಿಟಿವಿ ದೃಶ್ಯ ಅಳಿಸಿಹೋಗುತ್ತದೆ, ಸಾಕ್ಷಿಗಳ ಮನೆಗೆ ಬೆದರಿಕೆ ತಲುಪುತ್ತದೆ. ಪ್ರಾಥಮಿಕ ವಿಚಾರಣೆ ಮುಗಿಯುವ ಹೊತ್ತಿಗೆ ವಿಚಾರಿಸಲು ಏನೂ ಉಳಿದಿರುವುದಿಲ್ಲ.

ಹಾಗಾದರೆ ಠಾಣೆಯಿಂದ ವಾಪಸು ಬಂದವನು ಏನು ಮಾಡಬೇಕು? ಕಾನೂನು ಮೆಟ್ಟಿಲುಗಳನ್ನು ಕಟ್ಟಿದೆ. ಅವನ್ನು ಕ್ರಮವಾಗಿ ಹತ್ತಬೇಕು, ಪ್ರತಿ ಮೆಟ್ಟಿಲಿನಲ್ಲೂ ಒಂದು ಕಾಗದ ಉಳಿಸಬೇಕು. ಮೊದಲನೆಯದಾಗಿ, ಬಾಯಿಮಾತಿನ ದೂರು ಕೊಟ್ಟು ಬರಬೇಡಿ. ದಿನ, ಹೊತ್ತು, ಸ್ಥಳ, ಹೆಸರು, ಬಳಸಿದ ಆಯುಧ, ಆಡಿದ ಮಾತು ಎಲ್ಲವನ್ನೂ ಬರೆದು ಎರಡು ಪ್ರತಿ ಒಯ್ದು, ಒಂದರ ಮೇಲೆ ಠಾಣೆಯ ಮೊಹರು ಮತ್ತು ಸ್ವೀಕೃತಿ ಕೇಳಿ. ಆಯುಧದ ಹೆಸರು ಬರೆಯುವುದು ಸಣ್ಣ ವಿಷಯವಲ್ಲ. ಕಬ್ಬಿಣದ ರಾಡು ದೂರಿನಿಂದ ಬಿದ್ದುಹೋದರೆ ಪ್ರಕರಣ ಸಾದಾ ಹಲ್ಲೆಯಾಗುತ್ತದೆ. ಸಾದಾ ಹಲ್ಲೆ ಅಸಂಜ್ಞೇಯ, ಅದಕ್ಕೆ ಎನ್‌ಸಿಆರ್ ನಂಬರ್ ಕೊಟ್ಟು ಕೈತೊಳೆದುಕೊಳ್ಳಬಹುದು. ಗಾಯವಾಗಿದ್ದರೆ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ ಎಂಎಲ್‌ಸಿ ಮಾಡಿಸಿ. ಆ ಪುಸ್ತಕ ಠಾಣೆಯ ಕೈಯಲ್ಲಿರುವುದಿಲ್ಲ. ಪೊಲೀಸರು ನಿರಾಕರಿಸಿದರೆ ಕಾರಣ ಬರೆದು ಹಿಂಬರಹ ಕೊಡಿ ಎಂದು ಕೇಳಿ. 'ಹಿಂಬರಹ' ಎಂಬ ಪದಕ್ಕೆ ಠಾಣೆಯಲ್ಲಿ ವಿಚಿತ್ರ ಶಕ್ತಿಯಿದೆ. ಬಾಯಲ್ಲಿ ಸುಲಭವಾಗಿ ನಿರಾಕರಿಸುವ ಅಧಿಕಾರಿ ಸಹಿ ಹಾಕಿ ನಿರಾಕರಿಸಲು ಹಿಂಜರಿಯುತ್ತಾನೆ. ಎಲ್ಲ ಠಾಣೆಗಳಲ್ಲೂ ಧ್ವನಿ ಸಹಿತ ಸಿಸಿಟಿವಿ ಇರಬೇಕೆಂದು ಸುಪ್ರೀಂ ಕೋರ್ಟು 2020ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ನೀವು ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಹೊತ್ತು ಕಾದಿರಿ ಎಂಬುದನ್ನು ಬರೆದಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ.

ಎರಡನೆಯ ಮೆಟ್ಟಿಲು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ. 173ನೇ ಕಲಮಿನ 4ನೇ ಉಪಕಲಮಿನಂತೆ ದೂರಿನ ಸಾರವನ್ನು ಅಂಚೆಯಲ್ಲಿ ಅವರಿಗೆ ಕಳಿಸಬೇಕು, ಕಮಿಷನರೇಟ್ ಇರುವಲ್ಲಿ ಡಿಸಿಪಿ ಅಥವಾ ಕಮಿಷನರ್‌ಗೆ. ನೋಂದಾಯಿತ ಅಂಚೆಯ ರಸೀದಿ ಜೋಪಾನ. ಅಲ್ಲಿಯೂ ಫಲ ಕಾಣದಿದ್ದರೆ ಮೂರನೆಯ ಮೆಟ್ಟಿಲು ಮ್ಯಾಜಿಸ್ಟ್ರೇಟ್. 175ನೇ ಕಲಮಿನ 3ನೇ ಉಪಕಲಮಿನ ಅಡಿ, ಪ್ರಮಾಣಪತ್ರ ಸಹಿತ ಅರ್ಜಿ ಸಲ್ಲಿಸಿದರೆ ಮ್ಯಾಜಿಸ್ಟ್ರೇಟರು ತನಿಖೆಗೆ ಆದೇಶಿಸಬಹುದು. ಮೊದಲಿನ ಎರಡು ಮೆಟ್ಟಿಲು ಹತ್ತಿದ ದಾಖಲೆ ಇಲ್ಲದೆ ಇಲ್ಲಿ ನಿಲ್ಲುವುದು ಕಷ್ಟ. ಪ್ರಿಯಾಂಕಾ ಶ್ರೀವಾಸ್ತವ ಪ್ರಕರಣದ 2015ರ ತೀರ್ಪು ಅದನ್ನು ಬಿಗಿ ಮಾಡಿತು, ಹೊಸ ಸಂಹಿತೆ ಅದನ್ನೇ ಕಾನೂನಾಗಿಸಿತು. ಇನ್ನೊಂದು ದಾರಿ 223ನೇ ಕಲಮಿನ ಖಾಸಗಿ ದೂರು, ನಮ್ಮ ಕೋರ್ಟುಗಳ ಭಾಷೆಯಲ್ಲಿ ಪಿಸಿಆರ್. ಅಲ್ಲಿ ಪೊಲೀಸರನ್ನು ಬದಿಗಿಟ್ಟು ನೀವೇ ಪ್ರಮಾಣ ಮಾಡಿ ಹೇಳಿಕೆ ಕೊಡಬಹುದು, ಸಾಕ್ಷಿಗಳನ್ನು ಹಾಜರುಪಡಿಸಬಹುದು. ಆದರೆ ವಿಚಾರಣೆಗೆ ಅಂಗೀಕರಿಸುವ ಮೊದಲೇ ಆರೋಪಿಯ ಮಾತು ಕೇಳಬೇಕೆಂದು ಹೊಸ ಕಾನೂನು ಹೇಳುತ್ತದೆ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೂ ಹೋಗಬಹುದು. ಆದರೆ ಮ್ಯಾಜಿಸ್ಟ್ರೇಟರ ಬಾಗಿಲು ತೆರೆದಿರುವಾಗ ನೇರ ಹೈಕೋರ್ಟಿಗೆ ಬರಬೇಡಿ ಎಂದು ಸಾಕಿರಿ ವಾಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2007ರಲ್ಲೇ ಹೇಳಿದೆ. ಪೊಲೀಸ್ ದೂರು ಪ್ರಾಧಿಕಾರ, ಮಾನವ ಹಕ್ಕುಗಳ ಆಯೋಗ, ಅಲ್ಪಸಂಖ್ಯಾತರ ಆಯೋಗಗಳಿಗೆ ಅರ್ಜಿ ಹಾಕಬಹುದು. ಅವು ಒತ್ತಡ ತರಬಲ್ಲವು, ಎಫ್‌ಐಆರ್‌ಗೆ ಬದಲಿಯಾಗಲಾರವು.

ಈ ಮೆಟ್ಟಿಲುಗಳನ್ನು ನೋಡಿದಾಗ ಒಂದು ಅನ್ಯಾಯ ಎದ್ದು ಕಾಣುತ್ತದೆ. ತಪ್ಪು ಮಾಡಿದ್ದು ಠಾಣಾಧಿಕಾರಿ, ಅಲೆಯುವುದು ಹೊಡೆತ ತಿಂದವನು. ವಕೀಲರ ಫೀಸು, ಪ್ರಮಾಣಪತ್ರದ ಖರ್ಚು, ಕೂಲಿ ತಪ್ಪಿದ ದಿನಗಳು ಎಲ್ಲವೂ ಅವನ ಲೆಕ್ಕಕ್ಕೆ. ಅಷ್ಟಾದ ಮೇಲೆ ದೂರು ದಾಖಲಿಸದ ಅಧಿಕಾರಿಗೆ ಏನಾಗುತ್ತದೆ? ದೆಹಲಿಯ ಅತ್ಯಾಚಾರ ಘಟನೆಯ ನಂತರ 2013ರಲ್ಲಿ ಕಾನೂನು ತಿದ್ದುಪಡಿಯಾಗಿ, ಅತ್ಯಾಚಾರ, ಆಸಿಡ್ ದಾಳಿ, ಮಾನವ ಸಾಗಣೆಯಂಥ ಕೆಲವು ಅಪರಾಧಗಳ ದೂರನ್ನು ದಾಖಲಿಸದ ಅಧಿಕಾರಿಗೆ ಆರು ತಿಂಗಳಿನಿಂದ ಎರಡು ವರ್ಷದವರೆಗೆ ಕಠಿಣ ಸಜೆ ನಿಗದಿಯಾಯಿತು. ಅದು ಈಗ ಭಾರತೀಯ ನ್ಯಾಯ ಸಂಹಿತೆಯ 199ನೇ ಕಲಂ. ಪರಿಶಿಷ್ಟರ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಂ, ಪೋಕ್ಸೋ ಕಾಯ್ದೆಯ 21ನೇ ಕಲಂ ಕೂಡ ಇಂಥ ಶಿಕ್ಷೆ ಹೇಳುತ್ತವೆ. ಆದರೆ ಗುಂಪು ಹಲ್ಲೆಗೊಳಗಾದವನ, ಗಲಭೆಯಲ್ಲಿ ಮನೆ ಸುಟ್ಟುಹೋದವನ ದೂರನ್ನು ನಿರಾಕರಿಸಿದರೆ ಇಂಥ ಖಚಿತ ಶಿಕ್ಷೆ ಇಲ್ಲ. ಕಾನೂನು ಮೀರಿದ ನೌಕರನಿಗೆ ಸಾಮಾನ್ಯವಾಗಿ ಅನ್ವಯಿಸುವ 198ನೇ ಕಲಂ ಇದೆ, ಆದರೆ ಅಲ್ಲಿ ಹಾನಿ ಮಾಡುವ ಉದ್ದೇಶವನ್ನು ಸಾಬೀತುಪಡಿಸಬೇಕು. ಹೊಸ ಸಂಹಿತೆ ಜನಾಂಗ, ಜಾತಿ, ಸಮುದಾಯ, ಭಾಷೆ, ವೈಯಕ್ತಿಕ ನಂಬಿಕೆಯಂಥ ಕಾರಣಕ್ಕೆ ಐದು ಅಥವಾ ಹೆಚ್ಚು ಮಂದಿ ಸೇರಿ ಮಾಡುವ ಕೊಲೆಗೆ ಪ್ರತ್ಯೇಕ ಉಪಕಲಂ ಮಾಡಿತು. ಆದರೆ ಅಂಥ ದೂರನ್ನು ಬರೆದುಕೊಳ್ಳದ ಅಧಿಕಾರಿಯನ್ನು 199ರ ಪಟ್ಟಿಗೆ ಸೇರಿಸಲಿಲ್ಲ. ಈ ಪಟ್ಟಿಯನ್ನು ವಿಸ್ತರಿಸಿ ಎಂಬುದು ನಮ್ಮ ಮೊದಲ ಬೇಡಿಕೆಯಾಗಬೇಕು. ಚುನಾವಣೆ ಬಂದಾಗ ಶಾದಿಮಹಲಿಗೂ ಕಬರಸ್ತಾನದ ಗೋಡೆಗೂ ಅನುದಾನ ಕೇಳುವ ನಮ್ಮ ನಾಯಕರು ಇದನ್ನು ಯಾವತ್ತಾದರೂ ಕೇಳಿದ್ದಾರೆಯೇ?

ನಾಯಕರ ವಿಷಯ ಬಂದದ್ದರಿಂದ ಕಹಿಯಾದ ಮಾತನ್ನೂ ಹೇಳಬೇಕು. ನಮ್ಮ ಊರುಗಳಲ್ಲಿ ಪೆಟ್ಟು ತಿಂದವನು ಮೊದಲು ಹೋಗುವುದು ಠಾಣೆಗಲ್ಲ, ಮುಖಂಡರ ಮನೆಗೆ. ಮುಖಂಡರು ಇನ್‌ಸ್ಪೆಕ್ಟರಿಗೆ ಫೋನು ಮಾಡುತ್ತಾರೆ. ಸಂಜೆ ಎರಡೂ ಕಡೆಯವರನ್ನು ಕೂರಿಸಿ ಚಹಾ ಕುಡಿಸಿ ರಾಜಿ ಮಾಡಿಸುತ್ತಾರೆ. 'ಊರಿನ ಶಾಂತಿ ಮುಖ್ಯ' ಎಂಬುದು ಮಂತ್ರ. ಇದರಿಂದ ಮುಖಂಡರಿಗೆ ಠಾಣೆಯಲ್ಲಿ ಕುರ್ಚಿ ಸಿಗುತ್ತದೆ, ಇನ್‌ಸ್ಪೆಕ್ಟರಿಗೆ ಒಂದು ಪ್ರಕರಣ ಕಡಿಮೆಯಾಗುತ್ತದೆ, ಹೊಡೆದವನಿಗೆ ಧೈರ್ಯ ಬರುತ್ತದೆ. ಪೆಟ್ಟು ತಿಂದವನಿಗೆ ಏನು ಸಿಕ್ಕಿತು? ಮುಂದಿನ ಸಲ ಅದೇ ಕೈಗಳು ಇನ್ನೊಬ್ಬನ ಮೇಲೆ ಏಳುವಾಗ ಹಳೆಯ ದಾಖಲೆ ಒಂದೂ ಇರುವುದಿಲ್ಲ. ಅವರು ಮೊದಲ ಬಾರಿಯ ಅಪರಾಧಿಗಳಾಗಿಯೇ ಜಾಮೀನು ಪಡೆಯುತ್ತಾರೆ. ನೆರೆಹೊರೆಯ ಮಾತಿನ ಜಗಳವನ್ನು ಹಿರಿಯರು ಬಗೆಹರಿಸಿದರೆ ಯಾರದೂ ತಕರಾರಿಲ್ಲ. ತಲೆ ಒಡೆದ ಪ್ರಕರಣದ ಮೇಲೆ ಕೂತು ಪಂಚಾಯ್ತಿ ಮಾಡುವ ಅಧಿಕಾರ ಇವರಿಗೆ ಯಾರು ಕೊಟ್ಟರು?

ಇನ್ನು ಹೆಣ್ಣುಮಕ್ಕಳ ವಿಷಯದಲ್ಲಂತೂ ನಾವೇ ಠಾಣಾಧಿಕಾರಿಗಳಾಗಿಬಿಟ್ಟಿದ್ದೇವೆ. ವರದಕ್ಷಿಣೆಗಾಗಿ ಹೊಡೆತ ತಿಂದು ತವರಿಗೆ ಬಂದ ಮಗಳಿಗೆ 'ಸಬರ್ ಮಾಡು' ಎನ್ನುತ್ತೇವೆ. 'ಪೊಲೀಸರ ಹತ್ತಿರ ಹೋದರೆ ಸಮುದಾಯದ ಮರ್ಯಾದೆ ಹೋಗುತ್ತದೆ, ಮಾಧ್ಯಮದವರು ಕಾಯುತ್ತಿದ್ದಾರೆ' ಎನ್ನುತ್ತೇವೆ. ಠಾಣೆಯವರು ಹೇಳುವ 'ನಾಳೆ ಬನ್ನಿ'ಗೂ ಜಮಾಅತ್ ಹೇಳುವ 'ಸಬರ್ ಮಾಡು'ಗೂ ಆ ಹೆಣ್ಣಿನ ಪಾಲಿಗೆ ಏನು ವ್ಯತ್ಯಾಸ? 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಆಕೆ ಠಾಣೆಗೆ ಹೋಗದೆಯೇ ಸಂರಕ್ಷಣಾಧಿಕಾರಿಯ ಮೂಲಕ ಅಥವಾ ನೇರವಾಗಿ ಮ್ಯಾಜಿಸ್ಟ್ರೇಟರಿಂದ ರಕ್ಷಣೆ, ವಸತಿ, ಜೀವನಾಂಶದ ಆದೇಶ ಪಡೆಯಬಹುದು. ಈ ಮಾತನ್ನು ಎಷ್ಟು ಜುಮಾ ಪ್ರವಚನಗಳಲ್ಲಿ ಹೇಳಲಾಗಿದೆ? ಹೆತ್ತವರ, ಬಂಧುಗಳ, ಸ್ವತಃ ತನ್ನ ವಿರುದ್ಧವಾದರೂ ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆಂಬ ಕುರ್‌ಆನಿನ ಅನ್ನಿಸಾ ಅಧ್ಯಾಯದ ಆದೇಶವನ್ನು ನಾವು ಪೊಲೀಸರಿಗೆ ಓದಿ ಹೇಳುವ ಮೊದಲು ನಮ್ಮ ಸಮಿತಿಗಳಿಗೆ ಓದಿ ಹೇಳಬೇಕಾಗಿದೆ. ಕುರ್‌ಆನಿನ ಅತಿ ದೀರ್ಘ ಸೂಕ್ತ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ, ಸಾಕ್ಷಿಗಳನ್ನು ಇಟ್ಟುಕೊಳ್ಳುವ ಬಗ್ಗೆ ಇದೆ. ಕೊಟ್ಟ ಸಾಲಕ್ಕೂ ಬರಹ ಬೇಕೆಂಬ ಗ್ರಂಥವನ್ನು ಓದುವವರು ಸುರಿಸಿದ ರಕ್ತಕ್ಕೆ ಬಾಯಿಮಾತಿನ ರಾಜಿ ಸಾಕೆಂದು ಒಪ್ಪುವುದು ಹೇಗೆ?

ಭಯವನ್ನು ನಾನು ಕಡೆಗಣಿಸುತ್ತಿಲ್ಲ. ಕೌಂಟರ್ ಕೇಸಿನ ಬೆದರಿಕೆ ಸುಳ್ಳಲ್ಲ. ಹೊಡೆತ ತಿಂದವನ ಮೇಲೆಯೇ ಗೋಹತ್ಯೆಯ, ಶಾಂತಿಭಂಗದ ಪ್ರಕರಣ ಹಾಕಿದ ಉದಾಹರಣೆಗಳು ಬೇಕಾದಷ್ಟಿವೆ. ಆದರೆ ಸುಮ್ಮನಿದ್ದವರ ಮೇಲೂ ಪ್ರಕರಣಗಳು ಬಿದ್ದಿವೆ ಎಂಬುದನ್ನು ಮರೆಯಬಾರದು. ಹಾಗೆ ಬಿದ್ದಾಗ ತಮ್ಮ ಕಡೆಯ ದೂರು ಮೊದಲೇ ದಾಖಲಾಗಿರುವವರಿಗೆ ಕೋರ್ಟಿನಲ್ಲಿ ಹೇಳಲು ಒಂದು ಮಾತಾದರೂ ಇರುತ್ತದೆ. ಭಯ ಕಡಿಮೆಯಾಗಬೇಕಾದರೆ ಠಾಣೆಗೆ ಒಬ್ಬನೇ ಹೋಗುವುದು ನಿಲ್ಲಬೇಕು. ಪ್ರತಿ ತಾಲೂಕಿನಲ್ಲೂ ನಮ್ಮ ಸಂಘಟನೆಗಳು ಸಭೆ, ಸನ್ಮಾನ, ಫ್ಲೆಕ್ಸುಗಳಿಗೆ ಮಾಡುವ ಖರ್ಚಿನ ಒಂದು ಪಾಲಿನಲ್ಲಿ ದೂರು ಬರೆದುಕೊಡುವ, ಅಂಚೆ ರಸೀದಿ ಕಾಪಾಡುವ, ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕುವ ಒಂದಿಬ್ಬರು ವಕೀಲರನ್ನು ಇಟ್ಟುಕೊಳ್ಳಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಆದಾಯ ಕಡಿಮೆಯಿರುವವರಿಗೆ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. 15100ಕ್ಕೆ ಕರೆ ಮಾಡಿದರೆ ಮಾಹಿತಿ ಸಿಗುತ್ತದೆ. ಆ ಮೇಜಿನ ಮುಂದೆ ದಲಿತನೂ ಬರಲಿ, ಗಂಡನಿಂದ ಪೆಟ್ಟು ತಿಂದ ಹಿಂದೂ ಹೆಣ್ಣುಮಗಳೂ ಬರಲಿ. ಒಂದೇ ಕೌಂಟರಿನಲ್ಲಿ ವಾಪಸು ಕಳಿಸಲ್ಪಡುವವರು ಬೇರೆ ಬೇರೆಯಾಗಿ ಹೋರಾಡುವುದರಲ್ಲಿ ಅರ್ಥವಿಲ್ಲ.

ಸರಕಾರದಿಂದ ಕೇಳಬೇಕಾದ್ದೂ ಸ್ಪಷ್ಟವಿದೆ. ಠಾಣೆಗೆ ಬಂದ ಪ್ರತಿ ದೂರಿಗೂ ಅಂದೇ ಸ್ವೀಕೃತಿ ಕೊಡಿ, ನಿರಾಕರಿಸಿದರೆ ಕಾರಣ ಬರೆದುಕೊಡಿ. ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ದಾಖಲಾದ ಪ್ರತಿ ಪ್ರಕರಣದಲ್ಲೂ ಮೊದಲು ನಿರಾಕರಿಸಿದವರು ಯಾರೆಂದು ಇಲಾಖಾ ವಿಚಾರಣೆ ನಡೆಸಿ. ಪ್ರತಿ ಜಿಲ್ಲೆಯಲ್ಲಿ ಅಂಥ ಪ್ರಕರಣಗಳೆಷ್ಟು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸಿ. ಇದಕ್ಕೆ ಹೊಸ ಕಾನೂನೂ ಬೇಡ, ದೊಡ್ಡ ಹಣವೂ ಬೇಡ. ಒಂದು ಸುತ್ತೋಲೆ ಸಾಕು. ಅದನ್ನು ಹೊರಡಿಸದಿರುವ ಗೃಹ ಇಲಾಖೆ ತಾನು ಯಾರ ಕಡೆಗಿದ್ದೇನೆ ಎಂಬುದನ್ನು ಹೇಳಲಿ. ನಾವಾದರೂ ಇನ್ನು ಮುಂದೆ ಮುಖಂಡರ ಮನೆಯ ಜಗಲಿಯಲ್ಲಿ ಕಾಯುವುದನ್ನು ಬಿಟ್ಟು, ಎರಡು ಪ್ರತಿ ದೂರು ಬರೆದುಕೊಂಡು ಠಾಣೆಗೆ ಹೋಗೋಣ.